ಹತಾರ ಕಸಿದ ಸರಕಾರ, ಹತಾರ ಹಂಚಿದ ಸರಕಾರ

(ಮುಧೋಳದಲ್ಲಿ ಗಿರಣಿ ಕಾರ್ಮಿಕರು ಮತ್ತು ಸಣ್ಣ ವ್ಯಾಪಾರಸ್ಥರ ಅಭ್ಯಾಸವರ್ಗದಲ್ಲಿ ಮಾಡಿದ ಭಾಷಣ)

ನಾವು ಕೂಡಿರುವ ಇದೇ ಮುಧೋಳದಲ್ಲಿ 1857ರ ಡಿಸೆಂಬರ್ 11ರಂದು, ಸಂತೆಯ ದಿನ, ಹಲಗಲಿಯ 13 ಜನರನ್ನು ಗಲ್ಲಿಗೇರಿಸಿದರು. ಮೂರು ದಿನದ ಮೇಲೆ ಹಲಗಲಿಯಲ್ಲಿಯೇ ಮತ್ತೆ 6 ಜನರನ್ನು. ಅವರು ಮಾಡಿದ್ದೇನು? ಕಂಪನಿ ಸರಕಾರ ಹತಾರ ಒಪ್ಪಿಸಿರೆಂದು ಕಾಯಿದೆ ಮಾಡಿತು. ಬೇಡರು ಒಪ್ಪಿಸಲಿಲ್ಲ, ಅಷ್ಟೇ. ಜನರ ಕೈಯಲ್ಲಿ ಹತಾರವಿದ್ದರೆ ಸರಕಾರಕ್ಕೆ ಭಯ. ಇದು ನಮ್ಮ ಕಡೆಯ ಹುಡುಗರಿಗೂ ಲಾವಣಿಯಿಂದ ಗೊತ್ತಿರುವ ಮಾತು.

ಇಂದು ನಾವು ಹೇಳಹೊರಟದ್ದು ಇದಕ್ಕೆ ತಿರುವುಮುರುವಾದ ಕಥೆ. ಒಂದು ಸರಕಾರ ತಾನಾಗಿ ಜನರನ್ನು ಕರೆದು ಕೈಗೆ ಹತಾರ ಕೊಟ್ಟಿತು. ಅದು ಹಿಟ್ಲರನ ಜರ್ಮನಿ, 1944ನೆಯ ಇಸವಿ.

ಆ ವರ್ಷದ ಜೂನ್ 6ರಂದು ಮಿತ್ರರಾಷ್ಟ್ರಗಳ ದಂಡು ಫ್ರಾನ್ಸಿನ ದಂಡೆಗೆ ಇಳಿಯಿತು. ಜೂನ್ 22ರಂದು ಸೋವಿಯೆತ್ ಸೈನ್ಯ ಪೂರ್ವದಲ್ಲಿ ಏರಿಬಂದು ಜರ್ಮನರ ನಡುವಣ ಸೇನೆಯನ್ನೇ ಒಡೆದುಹಾಕಿತು. ಜುಲೈ 20ರಂದು ಹಿಟ್ಲರನ ಸೇನಾಧಿಕಾರಿಗಳೇ ಅವನ ಮೇಲೆ ಬಾಂಬು ಇಟ್ಟರು, ಅವನು ಉಳಿದುಕೊಂಡ. ಸೈನ್ಯದ ಮೇಲಿನ ನಂಬಿಕೆ ಹೋಗಿ, ಹೊಸ ದಂಡು ಕಟ್ಟುವ ಅಧಿಕಾರವನ್ನು ತನ್ನ ಪೊಲೀಸ್ ಮುಖ್ಯಸ್ಥ ಹಿಮ್ಲರನಿಗೆ ಕೊಟ್ಟ. ಹೀಗೆ ಹುಟ್ಟಿದವು ‘ಫೋಲ್ಕ್ಸ್‌ಗ್ರೆನೇಡಿಯರ್’ ಡಿವಿಜನ್ನುಗಳು. ‘ಫೋಲ್ಕ್’ ಎಂದರೆ ಜನ. ಜನತೆಯ ಪದಾತಿ ಸೈನ್ಯ!

ಹೆಸರು ದೊಡ್ಡದು, ಸರಕು ಕಡಿಮೆ. ಯುದ್ಧದ ಆರಂಭದಲ್ಲಿ ಒಂದು ಪದಾತಿ ಡಿವಿಜನ್ನಿನಲ್ಲಿ 9 ಬಟಾಲಿಯನ್, ಸುಮಾರು 17 ಸಾವಿರ ಜನ ಇರುತ್ತಿದ್ದರು. ಹೊಸದರಲ್ಲಿ 6 ಬಟಾಲಿಯನ್, ಸುಮಾರು 10 ಸಾವಿರ ಜನ. ಚೀಲದ ಮೇಲೆ ಹೊಸ ಛಾಪು, ಒಳಗೆ ತೂಕ ಕಡಿಮೆ. ಈ ವಿದ್ಯೆ ಪೇಟೆಯಲ್ಲಿ ಕೂತವರಿಗೆ ಹೇಳಿಕೊಡಬೇಕಾಗಿಲ್ಲ. ಜನ ಎಲ್ಲಿಂದ ಬಂದರು? ಹಡಗಿಲ್ಲದ ನಾವಿಕರು, ವಿಮಾನವಿಲ್ಲದ ವಾಯುದಳದವರು, ಗಾಯ ಮಾಯ್ದು ಆಸ್ಪತ್ರೆಯಿಂದ ಎದ್ದವರು, ಮೀಸೆ ಮೂಡದ ಹುಡುಗರು, ಕಾರಖಾನೆಗಳಿಂದ ಹೆಕ್ಕಿ ತೆಗೆದ ಕೂಲಿಕಾರರು. ಕೆಲವೇ ವಾರಗಳ ತರಬೇತಿ. ಜನರ ಕೊರತೆ ತುಂಬಲು ಕೆಲವರಿಗೆ ಹೊಸ ಮಾದರಿಯ ಬಂದೂಕು, ಟ್ಯಾಂಕು ಒಡೆಯುವ ಕೈತೋಪು. ತೋಪು ಎಳೆಯಲು ಮಾತ್ರ ಕುದುರೆ. ಡಿಸೆಂಬರ್ 16ರಂದು ಆರ್ಡೆನ್ ಕಾಡಿನಲ್ಲಿ ಇಂಥ ಅನೇಕ ಡಿವಿಜನ್ನುಗಳನ್ನು ಮುಂದೆ ನೂಕಿದರು. ಜನವರಿ ಮುಗಿಯುವುದರೊಳಗೆ ಹೊರಟಲ್ಲಿಗೇ ಹಿಂದಿರುಗಿದರು.

ಅಷ್ಟಕ್ಕೂ ಸಾಲಲಿಲ್ಲ. ಅಕ್ಟೋಬರ್ 18ರಂದೇ 16ರಿಂದ 60 ವರ್ಷದವರೆಗಿನ ಗಂಡಸರನ್ನೆಲ್ಲ ‘ಫೋಲ್ಕ್ಸ್‌ಟುರ್ಮ್’ ಎಂಬ ದಳಕ್ಕೆ ಕರೆದಿದ್ದರು. ಅಲ್ಲಿ ಎಷ್ಟೋ ಜನರಿಗೆ ಸಮವಸ್ತ್ರವಿಲ್ಲ, ತೋಳಿಗೊಂದು ಪಟ್ಟಿ. ಕೈಯಲ್ಲಿ ಹಳೆಯ ಬಂದೂಕು.

ಬಂಧುಗಳೇ, ಇದೇ ‘ಜನತೆ’ಗೆ ಈ ಸರಕಾರ ಮೊದಲು ಏನು ಮಾಡಿತ್ತು? 1933ರ ಮೇ 1ನ್ನು ಕಾರ್ಮಿಕರ ಹಬ್ಬವೆಂದು ರಜೆ ಕೊಟ್ಟಿತು. ಮರುದಿನ, ಮೇ 2ರಂದು, ಸಂಘಗಳ ಕಚೇರಿಗಳಿಗೆ ನುಗ್ಗಿ ಹಣ ಕಸಿದು ಮುಂದಾಳುಗಳನ್ನು ಸೆರೆಗೆ ಹಾಕಿತು. ಸಣ್ಣ ವ್ಯಾಪಾರಸ್ಥರಿಗೂ ಒಂದು ಮಾತು ಕೊಟ್ಟಿದ್ದರು. 1920ರ ಕಾರ್ಯಕ್ರಮದಲ್ಲಿ ದೊಡ್ಡ ದೊಡ್ಡ ಭಂಡಾರಗಳನ್ನು ವಶಪಡಿಸಿಕೊಂಡು ಅಗ್ಗದ ಬಾಡಿಗೆಗೆ ಸಣ್ಣ ಅಂಗಡಿಕಾರರಿಗೆ ಕೊಡುತ್ತೇವೆ ಎಂದಿದ್ದರು. ಅದನ್ನು ನಂಬಿ ವೋಟು ಹಾಕಿದ ಅಂಗಡಿಕಾರ 1943ರಲ್ಲಿ ಕಂಡದ್ದೇನು? ಯುದ್ಧಕ್ಕೆ ಬೇಕಿಲ್ಲವೆಂದು ಎಷ್ಟೋ ಸಣ್ಣ ಅಂಗಡಿಗಳಿಗೆ ಸರಕಾರವೇ ಬೀಗ ಹಾಕಿಸಿತು.

ಗಿರಣಿಯಿಂದ ಕೂಲಿಕಾರ ದಂಡಿಗೆ ಹೋದರೆ ಯಂತ್ರ ನಿಲ್ಲಲಿಲ್ಲ. ಗೆದ್ದ ನಾಡುಗಳಿಂದ ಹಿಡಿದು ತಂದವರು, ಯುದ್ಧಕೈದಿಗಳು ಸೇರಿ 1944ರಲ್ಲಿ 70 ಲಕ್ಷಕ್ಕೂ ಹೆಚ್ಚು ಪರದೇಶದವರು ಅಲ್ಲಿ ದುಡಿಯುತ್ತಿದ್ದರು, ಬಹುಪಾಲು ಬಲವಂತದಿಂದ. ಒಬ್ಬ ಬಡವನನ್ನು ಸಾಯಲು ಕಳಿಸಿ, ಅವನ ಜಾಗಕ್ಕೆ ಇನ್ನೊಬ್ಬ ಬಡವನನ್ನು ಕಟ್ಟಿಹಾಕುವ ಲೆಕ್ಕವಿದು.

ಸೋಲು ಖಚಿತವಾದ ಮೇಲೆಯೇ ಸಾವು ಹೆಚ್ಚಾಯಿತು. 1945ರ ಜನವರಿ ಒಂದೇ ತಿಂಗಳಲ್ಲಿ ನಾಲ್ಕು ಲಕ್ಷಕ್ಕೂ ಹೆಚ್ಚು ಜರ್ಮನ್ ಸೈನಿಕರು ಸತ್ತರು. ಓಡಿಹೋದವನು ಸಿಕ್ಕರೆ ಗುಂಡು, ಇಲ್ಲವೇ ಹಗ್ಗ. ಇನ್ನು ಇವರನ್ನೆಲ್ಲ ಕರೆದವರು? ಏಪ್ರಿಲ್ 30ರಂದು ಹಿಟ್ಲರ ನೆಲಮಾಳಿಗೆಯಲ್ಲಿ ಆತ್ಮಹತ್ಯೆ ಮಾಡಿಕೊಂಡ. ಹಿಮ್ಲರ ವೇಷ ಮರೆಸಿ ತಿರುಗುತ್ತ ಸಿಕ್ಕಿಬಿದ್ದು, ಮೇ 23ರಂದು ವಿಷ ಕಚ್ಚಿ ಸತ್ತ. ತಾವು ಕಟ್ಟಿದ ದಂಡಿನ ಲೆಕ್ಕವನ್ನು ಇಬ್ಬರೂ ಯಾರಿಗೂ ಒಪ್ಪಿಸಲಿಲ್ಲ.

ಹಲಗಲಿಯವರಿಗೂ ಅವರಿಗೂ ಇರುವ ಅಂತರ ನೋಡಿರಿ. ಹಲಗಲಿಯ ಬೇಡರು ಸೋತರು, ಊರು ಸುಟ್ಟುಹೋಯಿತು. ಆದರೆ ಹತಾರ ಕೊಡುವುದೋ ಬಿಡುವುದೋ ಎಂದು ತೀರ್ಮಾನಿಸಿದವರು ಅವರೇ. ಜರ್ಮನಿಯ ಆ ಮುದುಕರಿಗೆ, ಹುಡುಗರಿಗೆ ಬಂದೂಕು ಸಿಕ್ಕಿತು, ತೀರ್ಮಾನ ಸಿಗಲಿಲ್ಲ. ಸಂಘ, ವೋಟು, ಪತ್ರಿಕೆ ಎಲ್ಲವನ್ನೂ ಹನ್ನೊಂದು ವರ್ಷ ಮೊದಲೇ ಕಸಿದುಕೊಂಡಾಗಿತ್ತು. ಹತಾರಕ್ಕಿಂತ ದೊಡ್ಡ ಹತಾರ ಅದು.

ಆದ್ದರಿಂದ ಯಾರೇ ಆಗಲಿ, ಜನತೆಯ ಹೆಸರು ಹೇಳಿ ನಮ್ಮ ಬಾಗಿಲಿಗೆ ಬಂದು ತ್ಯಾಗ ಕೇಳಿದರೆ, ನಾವು ಮೊದಲು ಕೇಳಬೇಕಾದದ್ದು ಇಷ್ಟು: ಇದನ್ನು ಗೊತ್ತುಮಾಡುವಾಗ ನಮ್ಮನ್ನು ಕೇಳಿದಿರಾ? ಕೊನೆಗೆ ಲೆಕ್ಕ ಯಾರಿಗೆ ಒಪ್ಪಿಸುವಿರಿ? ಗಿರಣಿಯ ಸಂಘದಲ್ಲಿ, ಪೇಟೆಯ ಸಭೆಯಲ್ಲಿ, ಪಂಚಾಯತಿಯಲ್ಲಿ ಈ ಪ್ರಶ್ನೆ ಕೇಳುವ ರೂಢಿ ಬಿಡದಿರೋಣ. ಸಣ್ಣ ಲೆಕ್ಕ ಕೇಳಲು ಅಂಜುವವರು ದೊಡ್ಡ ಲೆಕ್ಕ ಎಂದೂ ಕೇಳಲಾರರು.