ರೈಲಿನ ಮೂಟೆ, ಬಸ್ಸಿನ ಗಾಳಿ

1898ರ ಆಗಸ್ಟಿನಲ್ಲಿ ಪ್ಲೇಗು ಬೆಂಗಳೂರಿಗೆ ಬಂದದ್ದು ರೈಲುಹಾದಿ ಹಿಡಿದು. ಎರಡು ವರ್ಷ ಮೊದಲು ಮುಂಬಯಿಯಲ್ಲಿ ಕಾಣಿಸಿಕೊಂಡಿದ್ದ ರೋಗ ಬೇಗನೆ ಮೈಸೂರನ್ನೂ ಹೊಕ್ಕಿತು. ಮೈಸೂರು–ನಂಜನಗೂಡು ರೈಲು 1891ರಿಂದಲೇ ಓಡುತ್ತಿತ್ತು. ನಿಲ್ದಾಣಗಳಲ್ಲಿ ಪ್ರಯಾಣಿಕರನ್ನು ಇಳಿಸಿ ಜ್ವರವಿದೆಯೇ, ಕಂಕುಳಲ್ಲಿ, ತೊಡೆಸಂದಿಯಲ್ಲಿ ಗಡ್ಡೆ ಎದ್ದಿದೆಯೇ ಎಂದು ನೋಡುತ್ತಿದ್ದರು. ಇಲಿಯ ಚಿಗಟವೇ ರೋಗವಾಹಕ ಎಂದು ಫ್ರೆಂಚ್ ವೈದ್ಯ ಪಾಲ್ ಲೂಯಿ ಸಿಮಾಂಡ್ ಹೇಳಿದ್ದು ಅದೇ 1898ರಲ್ಲಿ. ಅದನ್ನು ಹೆಚ್ಚಿನವರು ನಂಬಲಿಲ್ಲ. 1905ರಿಂದ ಮುಂಬಯಿಯಲ್ಲಿ ಗಿನಿಯಿಲಿಗಳ ಮೇಲೆ ನಡೆದ ಪ್ರಯೋಗಗಳು ಅದನ್ನು ಸಾಬೀತು ಮಾಡಿದವು. ಜ್ವರವಿಲ್ಲದವನ ಬಟ್ಟೆಗಂಟಿನಲ್ಲಿ, ಧಾನ್ಯದ ಮೂಟೆಯಲ್ಲಿ ಚಿಗಟ ಊರಿಂದೂರಿಗೆ ಸಾಗಬಲ್ಲದು. ಮೈಮುಟ್ಟಿ ನೋಡುವ ತಪಾಸಣೆಗೆ ಅದು ಸಿಗದು. ಕೀಟಶಾಸ್ತ್ರ ಜೊತೆಗೂಡಿದ ಮೇಲೆಯೇ ವೈದ್ಯರಿಗೆ ರೋಗದ ದಾರಿ ಕಂಡಿತು.

2020ರಲ್ಲಿಯೂ ಹೀಗೇ ಆಯಿತು. ಬಸ್ಸಿನ ಸೀಟು, ಕಂಬಿಗಳಿಗೆ ಔಷಧ ಸಿಂಪಡಿಸುವ ಕೆಲಸ ಭರದಿಂದ ನಡೆಯಿತು. ಆದರೆ ಕೊರೊನಾ ಮುಖ್ಯವಾಗಿ ಸಾಗುತ್ತಿದ್ದದ್ದು ಗಾಳಿಯಲ್ಲಿ. ಆ ವರ್ಷದ ಜುಲೈನಲ್ಲಿ ಇದನ್ನು ಗಂಭೀರವಾಗಿ ಪರಿಗಣಿಸಬೇಕೆಂದು 239 ವಿಜ್ಞಾನಿಗಳ ಬೆಂಬಲದೊಂದಿಗೆ ಒತ್ತಾಯಿಸಿದವರಲ್ಲಿ ಮುಂದಿದ್ದ ಲಿಡಿಯಾ ಮೊರಾವ್ಸ್ಕಾ ವೈದ್ಯೆಯಲ್ಲ, ಭೌತವಿಜ್ಞಾನಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕೆಮ್ಮಿನ ಹನಿ ಮಾಸ್ಕಿನ ಬಟ್ಟೆಗೆ ಬಡಿದು ಹೇಗೆ ಇನ್ನೂ ಸಣ್ಣದಾಗಿ ಒಡೆಯುತ್ತದೆ ಎಂದು ಪರೀಕ್ಷಿಸಿದ ಸಪ್ತರ್ಷಿ ಬಸು ಅವರ ತಂಡ ಮೆಕ್ಯಾನಿಕಲ್ ಎಂಜಿನಿಯರಿಂಗ್ ವಿಭಾಗದ್ದು.

ಚೀನಾದ ಝೆಜಿಯಾಂಗ್ ಪ್ರಾಂತ್ಯದ ಒಂದು ಪ್ರಕರಣ ಜಾತ್ರೆಯ ಊರುಗಳವರು ವಿಶೇಷವಾಗಿ ಗಮನಿಸಬೇಕಾದದ್ದು. 2020ರ ಜನವರಿಯಲ್ಲಿ ಎರಡು ಬಸ್ಸುಗಳಲ್ಲಿ ಜನ ದೇವಸ್ಥಾನದ ಪೂಜೆಗೆ ಹೋಗಿ ಬಂದರು. ಸೋಂಕಿತರೊಬ್ಬರಿದ್ದ ಬಸ್ಸಿನ 68 ಜನರಲ್ಲಿ, ಅವರೂ ಸೇರಿ, 24 ಮಂದಿಗೆ ರೋಗ ದೃಢಪಟ್ಟಿತು. ಇನ್ನೊಂದರ 60 ಜನರಲ್ಲಿ ಒಬ್ಬರಿಗೂ ಇಲ್ಲ. ರೋಗಿಯಿಂದ ದೂರ ಕುಳಿತವರೂ ಪಾರಾಗಲಿಲ್ಲ, ಎ.ಸಿ. ಒಳಗಿನ ಗಾಳಿಯನ್ನೇ ಮತ್ತೆ ಮತ್ತೆ ತಿರುಗಿಸುತ್ತಿದ್ದದ್ದು ಇದಕ್ಕೆ ಕಾರಣವಿರಬಹುದು.

ನಮ್ಮ ಮೈಸೂರು ಜಿಲ್ಲೆಯ ಸೋಸಲೆಯ ಕಡೆಯಿಂದ ತಿ. ನರಸೀಪುರ, ನಂಜನಗೂಡಿಗೆ ಹೋಗುವ ಕೆಂಪು ಬಸ್ಸಿಗೆ ಕಿಟಕಿಯಿದೆ. ಅದು ದೊಡ್ಡ ಅನುಕೂಲ. ಆದರೆ ಮಳೆ ಹೊಡೆದರೆ ಕಿಟಕಿಗಳೆಲ್ಲ ಮುಚ್ಚುತ್ತವೆ, ಕಾಲಿಡಲು ಜಾಗವಿಲ್ಲದಷ್ಟು ಜನ ಒಳಗಿರುತ್ತಾರೆ. ಆಗಿನ ಗಾಳಿ ಎಷ್ಟು ಕೆಟ್ಟಿದೆಯೆಂದು ಇಂಗಾಲದ ಡೈಆಕ್ಸೈಡ್ ಅಳೆದು ಅಂದಾಜಿಸಬಹುದು: ಹೊರಗಾಳಿಯಲ್ಲಿ ಅದು ಹತ್ತು ಲಕ್ಷಕ್ಕೆ ಸುಮಾರು 420 ಭಾಗ, ಬಿಟ್ಟ ಉಸಿರಿನಲ್ಲಿ ಸುಮಾರು 40,000. ಛಾವಣಿಯಲ್ಲಿ ಮಳೆ ತಡೆಯುವ ಗಾಳಿಕಂಡಿ ಎಂಜಿನಿಯರನ ಕೆಲಸ. ಶಾಲೆ, ಕಾರ್ಖಾನೆ, ಸಂತೆಗಳ ಹೊತ್ತು ಒಂದೇ ಬಸ್ಸಿನ ಮೇಲೆ ಬೀಳದಂತೆ ವೇಳಾಪಟ್ಟಿ ಹೊಂದಿಸುವುದು ಗಣಿತದ ಕೆಲಸ. 2023ರ ಜೂನ್ 11ರಂದು ಹೆಂಗಸರಿಗೆ ಉಚಿತ ಬಸ್ ಪ್ರಯಾಣದ ಶಕ್ತಿ ಯೋಜನೆ ಆರಂಭವಾದ ಮೇಲೆ ಹೆಂಗಸರ ಓಡಾಟ ಹೆಚ್ಚಿದೆ. ಅದು ಹಿಗ್ಗಬೇಕಾದ ಬದಲಾವಣೆ, ಅದಕ್ಕೆ ತಕ್ಕಷ್ಟು ಬಸ್ಸು ಬೇಕು. ತಿ. ನರಸೀಪುರದಲ್ಲಿ 1989ರಿಂದ ಮೂರು ವರ್ಷಕ್ಕೊಮ್ಮೆ ಎಂಬ ಕ್ರಮದಲ್ಲಿ ಬರುವ ಕುಂಭಮೇಳಕ್ಕೆ ಬೇರೆಯೇ ಲೆಕ್ಕ ಬೇಕಾಗುತ್ತದೆ.

ಇಷ್ಟೆಲ್ಲ ಆದರೂ ಜ್ವರ ಬಂದವರು ಬಸ್ಸು ಹತ್ತುತ್ತಾರೆ. ದಿನಗೂಲಿಯವರಿಗೆ ಮನೆಯಲ್ಲಿ ಉಳಿದರೆ ಅಂದಿನ ಸಂಪಾದನೆ ಇಲ್ಲ. ಆ ಕೂಲಿಯನ್ನು ಯಾರು, ಹೇಗೆ ತುಂಬಿಕೊಡಬೇಕೆಂಬ ಅರ್ಥಶಾಸ್ತ್ರದ ಪ್ರಶ್ನೆಯೂ ಬಸ್ಸಿನ ರೋಗತಡೆಯ ಸಂಶೋಧನೆಗೇ ಸೇರಿದ್ದು.