ಮುಳ್ಳು ಏನು ಹೇಳುತ್ತದೆ?



ಇವತ್ತು ನಾವು ಒಂದು ಸಣ್ಣ ಗಡಿಯಾರದ ಬಗ್ಗೆ ಮಾತಾಡೋಣ. ಇದು ಹೊತ್ತು ತೋರಿಸುವ ಗಡಿಯಾರ ಅಲ್ಲ. ಗಾಳಿಯ ಒತ್ತಡ ತೋರಿಸುವ ಮೀಟರು. ಪಂಕ್ಚರ್ ಅಂಗಡಿಯ ಗಾಳಿ ಟ್ಯಾಂಕಿನ ಮೇಲೆ ಇದನ್ನು ನೀವು ನೋಡಿದ್ದೀರಿ. ಆಕ್ಸಿಜನ್ ಸಿಲಿಂಡರಿನ ಮೇಲೂ ಇಂಥದೇ ಮೀಟರು ಇರುತ್ತದೆ.

2021ರ ಮೇ ತಿಂಗಳು ನೆನಪಿದೆಯಲ್ಲ? ಕೊರೋನಾ ಕಾಲ. ನಮ್ಮ ಬೀದಿಯ ಒಬ್ಬ ಅಕ್ಕನ ಅತ್ತೆಗೆ ಉಸಿರಾಟದ ತೊಂದರೆ ಆಯಿತು. ಮನೆಗೇ ಸಿಲಿಂಡರ್ ತಂದರು. ತಂದವರು ಜೋಡಿಸಿ ಹೊರಟುಹೋದರು. ಗಾಜಿನ ಕೊಳವೆಯಲ್ಲಿ ಒಂದು ಗುಂಡು 2ರ ಗೆರೆಯಲ್ಲಿ ನಿಂತಿತ್ತು. "ಗುಂಡು ನಿಂತಿದೆ, ಗಾಳಿ ಇದೆ" ಅಂತ ಮನೆಯವರು ಮಲಗಿದರು. ಬೆಳಗಿನ ಜಾವ ಗುಂಡು ಕೆಳಗೆ ಬಿತ್ತು. ಸಿಲಿಂಡರ್ ಖಾಲಿ! ಪುಣ್ಯಕ್ಕೆ ಪಕ್ಕದ ಮನೆಯಲ್ಲಿ ಇನ್ನೊಂದು ಇತ್ತು. ಅತ್ತೆ ಉಳಿದರು.

ಆಮೇಲೆ ಆ ಅಕ್ಕ ನಮಗೆ ಹೇಳಿದ ಮಾತು ಇದು: "ನನಗೆ ಅಂಕಿ ಓದಲು ಬರುತ್ತಿತ್ತು. ಯಾವ ಅಂಕಿ ಓದಬೇಕು ಅಂತ ಯಾರೂ ಹೇಳಲಿಲ್ಲ."

ಅದನ್ನೇ ಈಗ ಕಲಿಯೋಣ.

ಗುಂಡು ಬೇರೆ, ಮುಳ್ಳು ಬೇರೆ. ನಿಮಿಷಕ್ಕೆ ಎಷ್ಟು ಲೀಟರ್ ಹೋಗುತ್ತಿದೆ ಎಂದು ಗುಂಡು ಹೇಳುತ್ತದೆ. ಒಳಗೆ ಎಷ್ಟು ಉಳಿದಿದೆ ಎಂದು ಮುಳ್ಳು ಹೇಳುತ್ತದೆ. ಸಿಲಿಂಡರ್ ಮುಗಿಯುತ್ತಾ ಬಂದರೂ ಗುಂಡು ನಿಂತೇ ಇರುತ್ತದೆ. ಅದನ್ನು ನಂಬಿ ಮಲಗಬಾರದು.

ಮುಳ್ಳು ಹೇಗೆ ತಿರುಗುತ್ತದೆ? ಜಾತ್ರೆಯಲ್ಲಿ ಮಕ್ಕಳು ಊದುವ ಕಾಗದದ ಪೀಪಿ ನೋಡಿದ್ದೀರಿ. ಊದಿದರೆ ಸುರುಳಿ ಬಿಚ್ಚುತ್ತದೆ. ಬಿಟ್ಟರೆ ಸುತ್ತಿಕೊಳ್ಳುತ್ತದೆ. ಮೀಟರಿನ ಒಳಗೂ ಬಾಗಿದ ಒಂದು ಲೋಹದ ಕೊಳವೆ ಇದೆ. ಒತ್ತಡ ಹೆಚ್ಚಾದರೆ ಅದು ಸ್ವಲ್ಪ ಬಿಚ್ಚುತ್ತದೆ, ಮುಳ್ಳನ್ನು ತಿರುಗಿಸುತ್ತದೆ. ಫ್ರಾನ್ಸ್ ದೇಶದ ಬೂರ್ಡನ್ ಎಂಬುವರು 1849ರಲ್ಲಿ ಇದಕ್ಕೆ ಹಕ್ಕುಪತ್ರ ಪಡೆದರು.

ಅಡುಗೆ ಗ್ಯಾಸಿಗೆ ಈ ಲೆಕ್ಕ ನಡೆಯದು. ಅದರೊಳಗೆ ಇರುವುದು ದ್ರವ. ಅದನ್ನು ತೂಕದಿಂದಲೇ ತಿಳಿಯಬೇಕು. ಆಕ್ಸಿಜನ್ ಸಿಲಿಂಡರಿನಲ್ಲಿ ಇರುವುದು ಬರೀ ಅನಿಲ. ಅರ್ಧ ಖರ್ಚಾದರೆ ಒತ್ತಡವೂ ಅರ್ಧ ಆಗುತ್ತದೆ.

ಈಗ ಲೆಕ್ಕ ಮಾಡೋಣ. ಸಣ್ಣ ಸಿಲಿಂಡರಿನ ಹೊಟ್ಟೆ 10 ಲೀಟರ್ ನೀರು ಹಿಡಿಯುವಷ್ಟು ಇರುತ್ತದೆ. ತುಂಬಿದಾಗ ಮುಳ್ಳು ಸುಮಾರು 150ರಲ್ಲಿ ಇರುತ್ತದೆ. 150ನ್ನು 10ರಿಂದ ಗುಣಿಸಿ. 1500 ಲೀಟರ್ ಆಯಿತು. ಡಾಕ್ಟರು ನಿಮಿಷಕ್ಕೆ 2 ಲೀಟರ್ ಅಂದಿದ್ದರೆ 750 ನಿಮಿಷ ಬರುತ್ತದೆ. ಅಂದರೆ ಹನ್ನೆರಡೂವರೆ ಗಂಟೆ. ಮುಳ್ಳು 60ಕ್ಕೆ ಇಳಿದಿದ್ದರೆ? 600 ಲೀಟರ್, 300 ನಿಮಿಷ. ಬರೀ 5 ಗಂಟೆ!

ಒಂದು ಎಚ್ಚರಿಕೆ. ಕೆಲವು ಮೀಟರಿನಲ್ಲಿ ಎರಡು ಸಾಲು ಅಂಕಿ ಇರುತ್ತವೆ. ಒಂದು ಸಾಲಿನಲ್ಲಿ 1000, 2000 ಅಂತ ದೊಡ್ಡ ಅಂಕಿ. ಅದು ಪಿ.ಎಸ್.ಐ. ಅಳತೆ. ಇನ್ನೊಂದರಲ್ಲಿ 50, 100, 150 ಅಂತ ಸಣ್ಣ ಅಂಕಿ. ಅದು ಕೆ.ಜಿ. ಅಥವಾ ಬಾರ್ ಅಳತೆ. ನಮ್ಮ ಲೆಕ್ಕಕ್ಕೆ ಸಣ್ಣ ಅಂಕಿಯೇ ಬೇಕು. ದೊಡ್ಡ ಸಾಲಿನ 1000 ಅಂದರೆ ಸಣ್ಣ ಸಾಲಿನ 70. ಮರೆತು 1000 ಇಟ್ಟು ಗುಣಿಸಿದರೆ ಮೂರು ದಿನಕ್ಕೆ ಸಾಕು ಅನ್ನಿಸುತ್ತದೆ. ನಿಜವಾಗಿ ಆರು ಗಂಟೆಯೂ ಬರುವುದಿಲ್ಲ.

ಮೀಟರು ಪೂರ್ತಿ ನಿಜ ಹೇಳುತ್ತದೆಯೇ? ಇಲ್ಲ. ಮುಖದ ಮೇಲೆ 2.5 ಅಂತ ಸಣ್ಣದಾಗಿ ಬರೆದಿರಬಹುದು. ಕೊನೆಯ ಅಂಕಿಯಲ್ಲಿ ನೂರಕ್ಕೆ ಎರಡೂವರೆ ಪಾಲಿನಷ್ಟು ತಪ್ಪು ಇರಬಹುದು ಅಂತ ಅದರ ಅರ್ಥ. ಕೊನೆಯ ಅಂಕಿ 250 ಇದ್ದರೆ ಸುಮಾರು 6ರಷ್ಟು ಹೆಚ್ಚು ಕಡಿಮೆ. 150 ಇದ್ದಾಗ ಇದು ದೊಡ್ಡದಲ್ಲ. 10ಕ್ಕೆ ಇಳಿದಾಗ ನಿಜವಾಗಿ 4 ಇರಬಹುದು! ಆದ್ದರಿಂದ ಸೊನ್ನೆ ಮುಟ್ಟುವವರೆಗೆ ಕಾಯಬೇಡಿ. ಮುಳ್ಳು 50ಕ್ಕೆ ಬಂದಾಗಲೇ ಇನ್ನೊಂದು ಸಿಲಿಂಡರ್ ತರಿಸಿ.

ನೋಡುವ ರೀತಿಯೂ ಮುಖ್ಯ. ಮುಳ್ಳಿನ ನೇರಕ್ಕೆ ಕಣ್ಣು ಇರಲಿ. ಓರೆಯಿಂದ ನೋಡಿದರೆ ಪಕ್ಕದ ಗೆರೆ ಕಾಣುತ್ತದೆ. ವಾಲ್ವ್ ತೆರೆದಿದ್ದಾಗ ನೋಡಿ. ಮುಚ್ಚಿದ ಮೇಲೂ ಒಳಗೆ ಸಿಕ್ಕಿದ ಗಾಳಿಯಿಂದ ಮುಳ್ಳು ನಿಂತಿರಬಹುದು. ಪೂರ್ತಿ ಗಾಳಿ ಬಿಟ್ಟ ಮೇಲೂ ಮುಳ್ಳು ಸೊನ್ನೆಗೆ ಬರದಿದ್ದರೆ ಆ ಮೀಟರು ಕೆಟ್ಟಿದೆ. ಬದಲಾಯಿಸಲು ಹೇಳಿ. ವಾಲ್ವಿಗೆ ಎಣ್ಣೆ, ಗ್ರೀಸು ಸವರಲೇಬೇಡಿ. ಬೆಂಕಿ ಹೊತ್ತಬಹುದು. ಒಲೆ, ದೀಪ, ಬೀಡಿ ದೂರ ಇರಲಿ.

ಅಕ್ಕ ತಂಗಿಯರೇ, ಸಿಲಿಂಡರ್ ಮನೆಗೆ ಬರದಿರಲಿ ಎಂದೇ ನಮ್ಮ ಆಸೆ. ಬಂದರೆ ಹೆದರಬೇಡಿ. ಜೋಡಿಸಲು ಬಂದವರನ್ನು ಬಿಡಬೇಡಿ. "ಮುಳ್ಳು ಯಾವುದು? ಹೊಟ್ಟೆ ಎಷ್ಟು ಲೀಟರ್?" ಅಂತ ಕೇಳಿ. ಗೋಡೆಯ ಮೇಲೆ ಹೊತ್ತನ್ನೂ ಅಂಕಿಯನ್ನೂ ಬರೆದಿಡಿ. ನಾವು ಅಂಕಿ ಕಲಿತದ್ದು ಇಂಥ ಹೊತ್ತಿಗೇ ಅಲ್ಲವೇ?