ಕೊಡಗಿನ ಗೌರಮ್ಮನವರು

ಮಡಿಕೇರಿಯಲ್ಲಿ 1912ರಲ್ಲಿ ಜನಿಸಿದ ಗೌರಮ್ಮನವರನ್ನು ತಾವು ಕಥೆಗಾರ್ತಿಯೆಂದು ಬಲ್ಲಿರಿ. ಆಕೆ ಮೊದಲು ಗೃಹಿಣಿ. ಕಥೆಗಳ ಕೆಳಗೆ ಹಾಕುತ್ತಿದ್ದ ಹೆಸರೂ ಪತಿಯದೇ: 'ಮಿಸೆಸ್ ಬಿ.ಟಿ.ಜಿ. ಕೃಷ್ಣ'. ಹಾಗೆಂದು ಆ ಹೆಸರಿನ ಮರೆಯಲ್ಲಿ ಅಡಗಿ ಕುಳಿತವರಲ್ಲ. 1934ರಲ್ಲಿ ಗಾಂಧೀಜಿಯವರು ಕೊಡಗಿಗೆ ಬಂದಾಗ, ತಮ್ಮ ಮನೆಗೂ ಬರಲೇಬೇಕೆಂದು ಉಪವಾಸ ಕುಳಿತರು. ಗಾಂಧೀಜಿ ಬಂದರು. ಮೈಮೇಲಿನ ಒಡವೆಗಳನ್ನು ಬಿಚ್ಚಿ ಹರಿಜನ ನಿಧಿಗೆ ಒಪ್ಪಿಸಿದರು. ತಾಳಿ, ಓಲೆ, ಮೂಗುಬಟ್ಟು ಮಾತ್ರ ಉಳಿದವು. ಒಡವೆಯೆಂದರೆ ನಮ್ಮ ಹೆಂಗಸರಿಗೆ ಬರಿಯ ಅಲಂಕಾರವೆ? ಕಷ್ಟಕಾಲದ ಗಂಟಲ್ಲವೆ!

ಅವರ ಕಥೆಗಳಲ್ಲಿಯೂ ಬರುವವರು ಮನೆಯೊಳಗಿನವರೇ. ಬಾಲವಿಧವೆಯರ ದುಃಖವನ್ನು ಕೂಗಾಡದೆ ಹೇಳಿದರು. 1939ರ ಏಪ್ರಿಲ್‌ನಲ್ಲಿ, ಈಜಲು ಇಳಿದವರು ಸುಳಿಗೆ ಸಿಕ್ಕಿ ತೀರಿಕೊಂಡರು. ಆಗ ವಯಸ್ಸು 27, ಮಗನಿನ್ನೂ ಚಿಕ್ಕವನು. 'ಕಂಬನಿ', 'ಚಿಗುರು' ಪುಸ್ತಕಗಳಾಗಿ ಅಚ್ಚಾದುದನ್ನು ಅವರು ಕಾಣಲಿಲ್ಲ.